ಅಭಿಷಿಕ್ತನ ನಿರೀಕ್ಷೆ

ಸಿರುಗುಪ್ಪದ ಒಂದು ಪ್ರೌಢಶಾಲೆಯಲ್ಲಿ ನಾನು ಕನ್ನಡ, ಸಂಸ್ಕೃತಗಳನ್ನು ಕಲಿಸುತ್ತಿದ್ದ ಕಾಲದ ಸಂಗತಿಯಿದು. ಶಬ್ದಾರ್ಥದ ಪರೀಕ್ಷೆಯಲ್ಲಿ ಕ್ರೈಸ್ತ ಮನೆತನದ ಹುಡುಗನೊಬ್ಬನು ‘ಅಭಿಷಿಕ್ತ’ನೆಂದರೆ ತಲೆಯ ಮೇಲೆ ಎಣ್ಣೆ ಎರೆಸಿಕೊಂಡು ಅರಸನಾದವನೆಂದೂ, ‘ಕ್ರಿಸ್ತ’ನೆಂಬುದಕ್ಕೂ ಅದೇ ಅರ್ಥವೆಂದೂ ಬರೆದಿದ್ದನು. ನಾನು ಪಾಂಡಿತ್ಯದ ಬಿಗುಮಾನದಿಂದ, “ಅಭಿಷೇಕವು ನೀರಿನದು, ಎಣ್ಣೆಯದಾದರೆ ಅಭ್ಯಂಜನವೆನ್ನಬೇಕು” ಎಂದು ನುಡಿದು ಒಂದು ಅಂಕವನ್ನು ಕಳೆದೆನು. ಮಕ್ಕಳೆಲ್ಲ ನಕ್ಕರು. ಹುಡುಗನು ಎದ್ದು, “ಸರ, ಶನಿದೇವರ ಗುಡ್ಯಾಗ ತೈಲಾಭಿಷೇಕ ಮಾಡ್ತಾರಲ್ರಿ?” ಎಂದನು. ಅವನನ್ನು ಗದರಿಸಿ ಕುಳ್ಳಿರಿಸಿದೆನು. ಉತ್ತರವು ಮಾತ್ರ ನನ್ನಲ್ಲಿರಲಿಲ್ಲ.

ನಿವೃತ್ತನಾದ ಮೇಲೆ ಬಳ್ಳಾರಿಯಲ್ಲಿ ನೆಲಸಿ, ಬಿಡುವಿನಲ್ಲಿ ಕನ್ನಡ ಬೈಬಲನ್ನು ಓದತೊಡಗಿದೆನು. ಆ ಗ್ರಂಥಕ್ಕೂ ಈ ಊರಿಗೂ ಹಳೆಯ ನಂಟುಂಟು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಬೈಬಲಿನ ಭಾಷಾಂತರದಲ್ಲಿ ವರ್ಷಾನುವರ್ಷ ದುಡಿದರು. ಅವರ ಸಂಗಡಿಗರಾದ ವಿಲಿಯಂ ರೀವ್ ಎಂಬವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು.

ಓದಿದಂತೆಲ್ಲ ನನ್ನ ವ್ಯಾಕರಣದ ಗರ್ವವು ಇಳಿಯಿತು. ಸಮುವೇಲನೆಂಬ ಪ್ರವಾದಿಯು ಸೌಲನನ್ನು ಅರಸನಾಗಿ ನೇಮಿಸುವಾಗ ಅವನ ತಲೆಯ ಮೇಲೆ ಎಣ್ಣೆಯನ್ನು ಎರೆಯುತ್ತಾನೆ, ಹಚ್ಚುವುದಿಲ್ಲ. ‘ಸಿಚ್’ ಧಾತುವಿಗೆ ಇದಕ್ಕಿಂತ ಒಪ್ಪುವ ಕ್ರಿಯೆ ಯಾವುದು? ನಮ್ಮ ರಾಜಸೂಯದಲ್ಲಿಯಾದರೂ ಅಭಿಷೇಕಕ್ಕೆ ಕೂಡಿಸುವ ಹದಿನೇಳು ದ್ರವಗಳಲ್ಲಿ ಹಾಲು, ಜೇನು, ತುಪ್ಪಗಳು ಸೇರಿಯೇ ಇವೆ! ಹೀಗೆ ತೈಲವನ್ನು ಎರೆಸಿಕೊಂಡವನಿಗೆ ಹೀಬ್ರೂವಿನಲ್ಲಿ ‘ಮೆಸ್ಸೀಯ’ನೆಂದು ಹೆಸರು, ಗ್ರೀಕಿನಲ್ಲಿ ಅವನೇ ‘ಕ್ರಿಸ್ತ’ನು.

ಈ ಶಬ್ದದ ಹಿಂದೆ ಒಂದು ವಾಗ್ದಾನವಿದೆ. ಕುರಿ ಕಾಯುತ್ತಿದ್ದ ದಾವೀದನು ಸೌಲನ ತರುವಾಯ ಅರಸನಾಗಿ, ದೇವರಿಗೆ ಒಂದು ಮನೆಯನ್ನು ಕಟ್ಟಿಸಬೇಕೆಂದು ಬಯಸಿದನು. ಆಗ ನಾತಾನನೆಂಬ ಪ್ರವಾದಿಯು, ಮನೆಯನ್ನು ಕಟ್ಟುವವನು ನೀನಲ್ಲ, ದೇವರೇ ನಿನಗೊಂದು ಮನೆಯನ್ನು ಕಟ್ಟುವನು, ನಿನ್ನ ಸಿಂಹಾಸನವು ಶಾಶ್ವತವಾಗಿ ನಿಲ್ಲುವುದು ಎಂಬ ಅರ್ಥದ ಮಾತನ್ನು ತಿಳಿಸಿದನು. ಮೊದಲಿನ ಮನೆಯು ದೇವಾಲಯ, ಎರಡನೆಯದು ಸಂತತಿ. ಮನೆ, ಮನೆತನಗಳೆಂಬ ಮಾತುಗಳಿರುವ ನಮಗೆ ಈ ಶ್ಲೇಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಸಿಂಹಾಸನವು ನಿಲ್ಲಲಿಲ್ಲ. ಕ್ರಿ. ಪೂ. 586ರ ಸುಮಾರಿಗೆ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟರು. ಕಡೆಯ ಅರಸನಾದ ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರಿಗೇ ಕೊಂದು, ಬಳಿಕ ಅವನ ಕಣ್ಣುಗಳನ್ನು ಕಿತ್ತು, ಸೆರೆ ಒಯ್ದರು. ಅರಸುತನದ ಅಳಿವು ನಮ್ಮ ಸೀಮೆಯವರಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿಂದರು ಆಳಿದ ಕುರುಗೋಡಿನಲ್ಲಿ ಕೋಟೆಯ ಕಲ್ಲುಗಳುಳಿದಿವೆ. ದೊಡ್ಡಬಸವಣ್ಣನಿಗೆ ಪೂಜೆಯು ನಡೆಯುತ್ತದೆ. ಸಿಂದರ ಕುಲದವನೊಬ್ಬನು ಮರಳಿ ಬಂದಾನೆಂದು ಕಾಯುವವರಿಲ್ಲ. 1565ರಲ್ಲಿ ಹಾಳಾದ ಹಂಪೆಗೂ ನಾವು ಮರುಗುತ್ತೇವೆ, ಕಾಯುವುದಿಲ್ಲ. ಯೆಹೂದ್ಯರು ಕಾದರು! ಅವರ 89ನೆಯ ಕೀರ್ತನೆಯು ದಾವೀದನಿಗಿತ್ತ ಮಾತನ್ನು ಮೊದಲು ಕೊಂಡಾಡಿ, ಬಳಿಕ ಆ ಮಾತೆಲ್ಲಿ ಹೋಯಿತೆಂದು ದೇವರನ್ನೇ ಕೇಳುತ್ತದೆ. ಕೊಟ್ಟವನನ್ನು ಹೀಗೆ ತಡೆದು ನಿಲ್ಲಿಸುವ ಭಕ್ತಿಯನ್ನು ಬಲ್ಲವರು ನಮ್ಮ ವಚನಕಾರರು.

ಕಡಿದ ಮರದ ಬುಡದಿಂದ ಚಿಗುರೊಡೆಯುವಂತೆ ದಾವೀದನ ತಂದೆಯಾದ ಇಷಯನ ಬುಡದಿಂದ ಒಬ್ಬನು ಹುಟ್ಟುವನೆಂದು ಯೆಶಾಯನ ಗ್ರಂಥವು ಹೇಳುತ್ತದೆ. ಅವನು ಬಡವರಿಗೆ ನ್ಯಾಯ ತೀರಿಸುವನು. ಜೆಕರ್ಯನ ಗ್ರಂಥದಲ್ಲಿಯಂತೂ ಬರಲಿರುವ ಅರಸನು ಕತ್ತೆಯನ್ನೇರುತ್ತಾನೆ. ನಮ್ಮಲ್ಲಿ ಕತ್ತೆಯೇರಿಸಿ ಮೆರೆಸುವುದು ಅವಮಾನ. ಅಲ್ಲಿ ಯುದ್ಧದ ಕುದುರೆಯನ್ನು ಬಿಟ್ಟು ಬರುವ ಶಾಂತಿಯ ಅರಸನ ಕುರುಹು ಅದು.

ಯೇಸುವು ಅಂತೆಯೇ ಯೆರೂಸಲೇಮನ್ನು ಹೊಕ್ಕನೆಂದು ಸುವಾರ್ತೆಗಳು ಹೇಳುತ್ತವೆ. ಕ್ರೈಸ್ತರು ಗರಿಗಳ ಭಾನುವಾರ ಗರಿಗಳನ್ನು ಹಿಡಿದು ನೆನೆಯುವುದು ಆ ಪ್ರವೇಶವನ್ನೇ. ಕೆಲವೇ ದಿನಗಳಲ್ಲಿ ಅವನಿಗೆ ಮುಳ್ಳಿನ ಕಿರೀಟವಾಯಿತು. ಯೆಹೂದ್ಯರ ಅರಸನೆಂಬ ಹಲಗೆಯನ್ನು ಮೂರು ಭಾಷೆಗಳಲ್ಲಿ ಬರೆದು ಶಿಲುಬೆಯ ಮೇಲೆ ಹಚ್ಚಿದರು. ಹಾಸ್ಯಕ್ಕೆ ಬರೆದ ಅದು ನಿಜವೇ ಆಗಿತ್ತೆಂಬುದು ಕ್ರೈಸ್ತರ ನಂಬಿಕೆ. ಯೆಹೂದ್ಯರು ಇದನ್ನೊಪ್ಪುವುದಿಲ್ಲ. ಮೆಸ್ಸೀಯನು ಬಂದಿದ್ದರೆ ಲೋಕದಲ್ಲಿ ಶಾಂತಿಯೆಲ್ಲಿ ಎಂಬ ಅವರ ಪ್ರಶ್ನೆಯು ಹಗುರವಾದುದಲ್ಲ. ಕ್ರೈಸ್ತರೂ ಅದನ್ನು ತಳ್ಳಿಹಾಕದೆ, ಅವನು ಮರಳಿ ಬಂದಾಗ ರಾಜ್ಯವು ಪೂರ್ಣವಾಗುವುದೆಂದು ಕಾಯುತ್ತಾರೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಈ ನಿರೀಕ್ಷೆಗೆ ಮೀಸಲು.

ಹಿಂದಿನ ವರ್ಷ ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಆ ಹುಡುಗನು ಸಿಕ್ಕನು. ಈಗ ಅವನ ಕೂದಲೂ ನೆರೆಯತೊಡಗಿದೆ. ಕಾಲು ಮುಟ್ಟಿ ನಮಸ್ಕರಿಸಿದವನಿಗೆ, “ಅಂದು ನೀನು ಬರೆದದ್ದೇ ಸರಿಯಪ್ಪ” ಎಂದೆನು. ಅವನು ನಕ್ಕು, “ಹಂಗಾದ್ರ ಆ ಒಂದು ಮಾರ್ಕು ಕೊಡ್ರಿ ಸರ” ಎಂದನು.