ಹಾಲೆ, ಪಾಲೆ, ಸಪ್ತಪರ್ಣ

ಹಾಲು ಸುರಿಸುವ ಗಿಡಮರಗಳ ಒಂದು ದೊಡ್ಡ ಕುಟುಂಬಕ್ಕೆ ಸಸ್ಯಶಾಸ್ತ್ರದಲ್ಲಿ ಅಪೊಸೈನೇಸೀ ಎಂದು ಹೆಸರು. ಈ ಗ್ರೀಕ್ ಮೂಲದ ಹೆಸರಿನೊಳಗೆ ನಾಯಿ ಇದೆ. ನಾಯಿಗೆ ವಿಷವೆಂದು ಭಾವ. ಇದೇ ಕುಟುಂಬದ ಕಣಗಿಲೆಯನ್ನು ಅಮರಕೋಶ ‘ಹಯಮಾರಕ’ ಎಂದಿತು, ಕುದುರೆಯನ್ನು ಕೊಲ್ಲುವುದು. ಹೆಸರಿಟ್ಟವರು ಎರಡು ಕಡೆಯೂ ಎಚ್ಚರಿಕೆಯನ್ನೇ ಹೇಳಿದ್ದಾರೆ.

ನಮ್ಮ ಕಾಸರಗೋಡು ಸೀಮೆಯಲ್ಲಿ ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಕಷಾಯದ ಮರವೂ ಈ ಕುಟುಂಬದ್ದೇ. ತುಳುವಿನಲ್ಲಿ ಪಾಲೆ, ಮಲಯಾಳದಲ್ಲಿ ಏಳಿಲಂಪಾಲ, ಕನ್ನಡದಲ್ಲಿ ಹಾಲೆ. ಪಾಲು ಹಾಲಾದಂತೆ ಪಾಲೆ ಹಾಲೆಯಾಯಿತು. ಮನೆಮಾತು ಕನ್ನಡವಾದವರೂ ಆ ದಿನ ‘ಪಾಲೆ ಕಷಾಯ’ ಅನ್ನುವುದುಂಟು. ಅಡಕೆಯ ಹಾಳೆಗೆ ಳಕಾರ, ಈ ಮರಕ್ಕೆ ಲಕಾರ, ಎರಡನ್ನೂ ಬೆರೆಸಬಾರದು.

ಸಂಸ್ಕೃತದಲ್ಲಿ ಇದು ಸಪ್ತಪರ್ಣ, ವಿಷಮಚ್ಛದ. ಇಲ್ಲಿ ‘ವಿಷಮ’ವೆಂದರೆ ಬೆಸಸಂಖ್ಯೆ, ವಿಷವಲ್ಲ. ಎಲೆ ಏಳೇ ಇರಬೇಕೆಂದಿಲ್ಲ. ಗೆಣ್ಣಿನ ಸುತ್ತ ನಾಲ್ಕೋ ಆರೋ ಏಳೋ ಇರುತ್ತವೆ.

ವಿಷವಿರುವುದು ಕಾಸರಕದಲ್ಲಿ. ಅದು ಬೇರೆ ಕುಟುಂಬದ ಮರ. ಕಾಸರಗೋಡಿನ ಹೆಸರಿಗೆ ಅದೇ ಮೂಲವೆಂಬ ಅಭಿಪ್ರಾಯವೂ ಇದೆ. ನಸುಕಿನ ಕತ್ತಲಲ್ಲಿ ಪಾಲೆಯೆಂದು ಅದರ ತೊಗಟೆ ತಂದು, ಕಷಾಯ ಕುಡಿದು ಜೀವ ಕಳಕೊಂಡವರಿದ್ದಾರೆ. ಕಾಸರಕದ ಎಲೆ ಎರಡೆರಡು, ಎದುರುಬದುರು; ಬುಡದಿಂದಲೇ ಮೂರೋ ಐದೋ ನರ; ತೊಗಟೆ ಗೀರಿದರೆ ಹಾಲಿಲ್ಲ. ಹಾಲೊಂದನ್ನೇ ನೋಡಿದರೂ ಸಾಲದು, ಎಕ್ಕಕ್ಕೂ ಹಾಲಿದೆ.

ಆದ್ದರಿಂದ ಬಲ್ಲವರು ಹಿಂದಿನ ದಿನ ಹಗಲಲ್ಲೇ ಮರಕ್ಕೆ ಗುರುತು ಮಾಡಿಡಬೇಕು. ಪದಕೋಶ ಮಾಡುವ ನಾವೂ ‘ಹಾಲೆ: ಒಂದು ಜಾತಿಯ ಮರ’ ಎಂದು ಬರೆದು ಕೈತೊಳಕೊಳ್ಳಬಾರದು, ಎಲೆ, ಹಾಲು ಎರಡನ್ನೂ ಬರೆಯಬೇಕು.