ತೋಳಹುಣಸೆಯಲ್ಲಿ ರೈಲು ಯಾಕೆ ನಿಲ್ಲಬೇಕು?

ದಾವಣಗೆರೆಯಿಂದ ಚಿಕ್ಕಜಾಜೂರಿನ ಕಡೆಗೆ ಹೊರಟರೆ ಮೊದಲು ಸಿಗುವ ಸಣ್ಣ ನಿಲ್ದಾಣ ತೋಳಹುಣಸೆ. ಅದರಾಚೆ ಕೊಡಗನೂರು, ಮಾಯಕೊಂಡ. ಹರಿಹರದ ದಿಕ್ಕಿಗೆ ಹೋದರೆ ಅಮರಾವತಿ ಕಾಲೊನಿಯೂ ಇಂಥದ್ದೇ. ಗುಬ್ಬಿಯಿಂದ ಮೈಸೂರು ಸಂಸ್ಥಾನದ ಗಡಿಯೂರಾಗಿದ್ದ ಹರಿಹರದವರೆಗೆ ಸದರ್ನ್ ಮರಾಠಾ ರೈಲ್ವೆ ಮೀಟರ್ ಗೇಜ್ ಹಳಿ ಹಾಕಿ ಮುಗಿಸಿದ್ದು 1889ರಲ್ಲಿ. ಅದು 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಈಚೆಗೆ ಜೋಡಿ ಹಳಿ, ವಿದ್ಯುತ್ ತಂತಿ ಬಂದವು. 2023ರ ಜೂನ್‌ನಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿದೆ. ಇಷ್ಟು ವೇಗದ ಮಾರ್ಗದಲ್ಲಿ ಇಂಥ ನಿಲ್ದಾಣಗಳಿಗೇನು ಕೆಲಸ ಎಂದು ಕೇಳುವವರಿದ್ದಾರೆ. ಅವು ಹುಟ್ಟಿದ ಕಾರಣ ತಿಳಿಯದೆ ಅದಕ್ಕೆ ಉತ್ತರ ಹೇಳಲಾಗದು.

ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳು ಒಂದನ್ನೊಂದು ದಾಟಲು ಅಲ್ಲಲ್ಲಿ ಜಾಗ ಬೇಕು. ಹೀಗೆ ಕ್ರಾಸಿಂಗ್‌ಗೆಂದು ಹುಟ್ಟಿದ ಸಣ್ಣ ನಿಲ್ದಾಣಗಳು ದೇಶದ ತುಂಬ ಇವೆ. ಒಂಟಿ ಹಳಿಯ ಕಾಲದಲ್ಲಿ ಅಲ್ಲಿನ ವ್ಯವಸ್ಥೆಯ ಜೀವಾಳವಾಗಿದ್ದುದು ಒಂದು ಲೋಹದ ಚೆಂಡು. ಅಕ್ಕಪಕ್ಕದ ಎರಡು ನಿಲ್ದಾಣಗಳ ಯಂತ್ರಗಳನ್ನು ವಿದ್ಯುತ್ತಿನಿಂದ ಬೆಸೆದಿರುತ್ತಾರೆ. ಆಚೆಯ ಸ್ಟೇಷನ್ ಮಾಸ್ಟರ್ ಒಪ್ಪಿಗೆ ಕೊಟ್ಟರಷ್ಟೇ ಈಚೆಯ ಯಂತ್ರ ಒಂದು ಚೆಂಡನ್ನು ಬಿಟ್ಟುಕೊಡುತ್ತದೆ. ಅದು ಹೊರಗಿರುವವರೆಗೆ ಎರಡೂ ಕಡೆ ಇನ್ನೊಂದು ಚೆಂಡು ಹೊರಬರುವುದಿಲ್ಲ. ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬೆತ್ತದ ಬಳೆಗೆ ಕಟ್ಟಿ ಅದನ್ನು ಡ್ರೈವರ್‌ಗೆ ಕೊಡಬೇಕು. ನಿಲ್ಲದೆ ಹೋಗುವ ಗಾಡಿಯಾದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವನು ಬಳೆಯನ್ನು ಎತ್ತಿ ಹಿಡಿಯುತ್ತಾನೆ, ಎಂಜಿನ್ನಿನವನು ತೋಳು ಚಾಚಿ ಅದನ್ನು ಸೆಳೆದುಕೊಂಡು ಹಿಂದಿನ ನಿಲ್ದಾಣದ ಬಳೆಯನ್ನು ಕೆಳಗೆ ಎಸೆಯುತ್ತಾನೆ. ಚೆಂಡು ಕೈಯಲ್ಲಿಲ್ಲದೆ ಮುಂದಿನ ಹಳಿಗೆ ಇಳಿಯುವ ಅಧಿಕಾರ ಯಾವ ಗಾಡಿಗೂ ಇರಲಿಲ್ಲ. ಸಾವಿರಾರು ಪ್ರಯಾಣಿಕರ ಜೀವ ಸಣ್ಣ ಊರಿನ ನೌಕರರ ಎಚ್ಚರದ ಮೇಲೆ ನಿಂತಿತ್ತು.

ಜೋಡಿ ಹಳಿ ಬಂದ ಮೇಲೆ ಎದುರು ಗಾಡಿಗಾಗಿ ಕಾಯುವ ಪ್ರಮೇಯವಿಲ್ಲ. ಹಾಗೆಂದು ನಿಲ್ದಾಣದ ಕೆಲಸ ಮುಗಿಯಲಿಲ್ಲ. ವೇಗದ ಗಾಡಿಗೆ ದಾರಿ ಬಿಡಲು ನಿಧಾನದ ಗಾಡಿ ಪಕ್ಕಕ್ಕೆ ಸರಿಯಬೇಕಲ್ಲ, ಅದಕ್ಕೆ ಬೇಕಾದ ಲೂಪ್ ಲೈನ್ ಸಿಗುವುದು ಇಂಥಲ್ಲೇ. ಇನ್ನು ಜನರ ಅಗತ್ಯವಂತೂ ಹೆಚ್ಚಿದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಮೊದಲಾಗಿ, 2009ರಲ್ಲಿ ಸ್ವತಂತ್ರವಾದ ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣ ಇರುವುದು ತೋಳಹುಣಸೆಯಲ್ಲಿ. ಹರಿಹರ, ರಾಣೆಬೆನ್ನೂರು, ಮಾಯಕೊಂಡದ ವಿದ್ಯಾರ್ಥಿಗಳಿಗೆ ಹಳಿಯೇ ನೇರ ದಾರಿ.

ಬಸ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಬಡವರ ಮನೆಯ ಮಕ್ಕಳಿಗೆ ಟಿಕೆಟ್ ದರವೇ ದೊಡ್ಡ ಲೆಕ್ಕ. ಕೋವಿಡ್ ನಂತರ ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂಪಾಯಿಯಿಂದ 30ಕ್ಕೆ ಏರಿ, 2024ರಲ್ಲಷ್ಟೇ ಮೊದಲಿನಂತಾಯಿತು. ಅಷ್ಟು ವರ್ಷ ದೂರವಾದ ಪ್ರಯಾಣಿಕರನ್ನು ತೋರಿಸಿ ಇಲ್ಲಿ ಬೇಡಿಕೆಯೇ ಇಲ್ಲವೆಂದರೆ ನ್ಯಾಯವಾಗದು. ಸಣ್ಣ ನಿಲ್ದಾಣಗಳಿಂದ ನಷ್ಟವೇ ಎನ್ನುವವರ ಮಾತಿಗೆ ಜಪಾನ್ ಉತ್ತರ ಕೊಟ್ಟಿದೆ. ಸರ್ಕಾರಿ ರೈಲ್ವೆ ಬೇಡವೆಂದ ಸಣ್ಣ ಮಾರ್ಗಗಳನ್ನು 1984ರಲ್ಲಿ ಇವಾಟೆ ಪ್ರಾಂತದ ಸ್ಥಳೀಯ ಆಡಳಿತ ಮತ್ತು ಖಾಸಗಿಯವರು ಸೇರಿ ಸಾನ್ರಿಕು ರೈಲ್ವೆಯಾಗಿ ಉಳಿಸಿಕೊಂಡರು. 2011ರ ಮಾರ್ಚ್‌ನ ಸುನಾಮಿಯಾದ ಐದೇ ದಿನಕ್ಕೆ ಅದು ಒಂದು ಭಾಗದಲ್ಲಿ ಮತ್ತೆ ಓಡಿ ಸಂತ್ರಸ್ತರಿಗೆ ಆಸರೆಯಾಯಿತು. ಆ ಉಪಕಾರ ಟಿಕೆಟ್ ಆದಾಯದ ಪಟ್ಟಿಯಲ್ಲಿ ಕಾಣುವಂಥದ್ದಲ್ಲ. ತೋಳಹುಣಸೆಗೆ ವಂದೇ ಭಾರತ್ ಬೇಕಿಲ್ಲ, ತರಗತಿಯ ಹೊತ್ತಿಗೆ ಹೊಂದುವ ಪ್ಯಾಸೆಂಜರ್ ಸಾಕು. ಒಂಟಿ ಹಳಿಯ ಕಾಲದಲ್ಲಿ ಕ್ರಾಸಿಂಗ್‌ಗಾಗಿ ಗಂಟೆಗಟ್ಟಲೆ ಕಾದ ಜನ ಈ ಊರುಗಳವರು. ಇವರಿಗಾಗಿ ರೈಲು ಎರಡು ನಿಮಿಷ ನಿಂತರೆ ಯಾರಿಗೂ ತಡವಾಗದು. ಕೇಳುವವರು ಕಡಿಮೆಯಾದರೆಂದು ಆ ಎರಡು ನಿಮಿಷವೂ ವೇಳಾಪಟ್ಟಿಯಿಂದ ಕಳೆದುಹೋದೀತೆಂಬುದೇ ಚಿಂತೆ.