ಹುಳು ಮನೆಯವರೆಗೆ ಬಂದ ಜಪಾನು

ವಿದೇಶದ ಜೊತೆ ರಾಜ್ಯದ ಒಡಂಬಡಿಕೆ ಎಂಬ ಸುದ್ದಿ ಓದಿದಾಗಲೆಲ್ಲ, ರೇಷ್ಮೆ ಇಲಾಖೆಯಲ್ಲಿ ಕೂದಲು ನರೆಸಿಕೊಂಡ ನನಗೆ ಒಂದೇ ಪ್ರಶ್ನೆ: ಇದು ರೈತನ ಬಾಗಿಲಿಗೆ ಬರಲು ಎಷ್ಟು ವರ್ಷ ಬೇಕು? ಜಪಾನಿನೊಂದಿಗಿನ ನಮ್ಮ ರೇಷ್ಮೆ ನಂಟನ್ನು ನೋಡಿದರೆ, ನೂರು ವರ್ಷ!

ಬೆಂಗಳೂರಿನ ಬಸವನಗುಡಿ ಪಕ್ಕದಲ್ಲಿ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯಿದೆ. ಜಪಾನಿನ ರೇಷ್ಮೆ ಕೆಲಸಕ್ಕೆ ಮನಸೋತ ಜಮ್‌ಶೇಟ್‌ಜಿ ಟಾಟಾ 19ನೇ ಶತಮಾನದ ಕೊನೆಗೆ ಇಲ್ಲಿ ತೋಟ ಮಾಡಿಸಿ, ಹುಳು ಸಾಕುವುದನ್ನೂ ನೂಲು ಬಿಚ್ಚುವುದನ್ನೂ ಕಲಿಸಲು ಜಪಾನೀಯರನ್ನೇ ಕರೆಸಿದ್ದರು. ಈಗ ಹೆಸರು ಮಾತ್ರ ಉಳಿದಿದೆ.

ರೇಷ್ಮೆ ಹುಳುಗಳಲ್ಲಿ ನಮ್ಮ ಮೈಸೂರು ತಳಿ ಗಟ್ಟಿ ಜೀವ. ಸೆಖೆಗೂ ಬಾಡಿದ ಸೊಪ್ಪಿಗೂ ಜಗ್ಗದು. ಆದರೆ ಒಂದು ಗೂಡಿನಲ್ಲಿ ಸಿಗುವ ಎಳೆ ನಾನೂರು ಮೀಟರಿನ ಆಸುಪಾಸು. ವರ್ಷಕ್ಕೆ ಎರಡು ಪೀಳಿಗೆ ಕೊಡುವ, ಜಪಾನಿನ ಕಡೆಯ ದ್ವಿತಳಿಯದು ಬಿಳಿ ಗೂಡು, ಎಳೆ ಸಾವಿರ ಮೀಟರಿನಷ್ಟು. ಹುಳು ಮಾತ್ರ ಬಲು ನಾಜೂಕು. ಹಾಗಾಗಿ ಮೈಸೂರು ಹೆಣ್ಣಿಗೆ ದ್ವಿತಳಿ ಗಂಡು ಕೂಡಿಸಿದ ಮಿಶ್ರತಳಿಯ ಹಳದಿ ಗೂಡೇ ನಮ್ಮ ರೈತರ ಕೈ ಹಿಡಿಯಿತು.

1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜೈಕಾ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ಜೊತೆ ಸೇರಿ ನಮ್ಮ ಹವೆಗೆ ಒಗ್ಗುವ ದ್ವಿತಳಿಯ ಕೆಲಸ ಶುರುಮಾಡಿತು. ಸಿಎಸ್‌ಆರ್ ತಳಿಗಳು ಬಂದದ್ದು ಅಲ್ಲಿಂದ. ಈ ಕೆಲಸ ಹಂತ ಹಂತವಾಗಿ 2007ರವರೆಗೆ ನಡೆಯಿತು. ಜಪಾನಿನ ತಜ್ಞರು ಬಂದು ಮೈಸೂರಿನಲ್ಲಿ ನೆಲೆ ನಿಂತರು, ನಮ್ಮವರು ಅಲ್ಲಿಗೆ ಹೋಗಿ ಕಲಿತರು.

ತಳಿಗಿಂತ ಕಷ್ಟವಾದದ್ದು ರೂಢಿ ಬಿಡಿಸುವುದು. ಉಣ್ಣುವ, ಮಲಗುವ ಮನೆಯಲ್ಲೇ ತಟ್ಟೆ ಜೋಡಿಸಿ ಹುಳು ಮೇಯಿಸುತ್ತಿದ್ದವರಿಗೆ ಬೇರೆ ಹುಳು ಮನೆ ಕಟ್ಟಿ, ಬ್ಲೀಚಿಂಗ್ ಪುಡಿ ಹಾಕಿ ತೊಳೆಯಿರಿ, ಕೈಕಾಲು ತೊಳೆಯದೆ ಒಳಗೆ ಹೋಗಬೇಡಿ ಎಂದರೆ ಹೇಗೆ? ಶಿಡ್ಲಘಟ್ಟದ ಕಡೆಯ ಒಬ್ಬ ಅಜ್ಜಿ, “ದೇವರ ಮನೆಗೂ ಇಷ್ಟು ಮಡಿ ಇಲ್ಲ, ಸಾರ್” ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ನಕ್ಕಿದ್ದರು. ಎಲೆ ಬಿಡಿಸದೆ ಕಡ್ಡಿ ಸಮೇತ ಸೊಪ್ಪು ಹಾಕುವ ಪದ್ಧತಿಯನ್ನು ಮಾತ್ರ ಅವರ ಸೊಸೆ ಒಂದೇ ಬೆಳೆಗೆ ಒಪ್ಪಿಕೊಂಡರು. ಸೊಂಟದ ನೋವು ಕಡಿಮೆಯಾಯಿತಲ್ಲ! ಚಾಕಿ ಹುಳುವನ್ನು, ಅಂದರೆ ಎಳೆಯ ಹುಳುವನ್ನು, ಸಾಕಣೆ ಕೇಂದ್ರದಿಂದ ಕೊಂಡು ತರುವುದೂ ಆಮೇಲೆ ಹಳ್ಳಿಗಳಲ್ಲಿ ಮಾಮೂಲಾಯಿತು. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಕಳಚುವ ಹಂತ, ದಾಟಿದ ಹುಳು ಮನೆಗೆ ಬಂದರೆ ಅರ್ಧ ಆತಂಕ ಕಳೆದಂತೆ.

ಒಂದು ಕಾಲಕ್ಕೆ ಜಗತ್ತಿಗೆಲ್ಲ ಕಚ್ಚಾ ರೇಷ್ಮೆ ಮಾರಿದ ಜಪಾನಿನಲ್ಲಿ ಈಗ ಹುಳು ಸಾಕುವ ಮನೆಗಳು ಇನ್ನೂರಕ್ಕಿಂತ ಕಡಿಮೆ. ಅವರ ವಿದ್ಯೆಯ ಒಂದು ಪಾಲು ನಮ್ಮ ಹುಳು ಮನೆಗಳಲ್ಲಿದೆ. ಹಾಗೆಂದು ಬೀಗಬೇಕಾಗಿಲ್ಲ. ನಮ್ಮಲ್ಲಿ ಇಂದಿಗೂ ಹೆಚ್ಚಿನ ಗೂಡು ಮಿಶ್ರತಳಿಯದೇ. ದ್ವಿತಳಿ ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳು ಚೀನಾದಿಂದ ಬರುತ್ತವೆ, ಕಚ್ಚಾ ರೇಷ್ಮೆಯೂ ಹೆಚ್ಚಾಗಿ ಅಲ್ಲಿಂದಲೇ ಆಮದಾಗುತ್ತದೆ. ಕಲಿಕೆಯ ನಂಟು ಗಟ್ಟಿಯಾಯಿತು, ವ್ಯಾಪಾರದ್ದು ಅರ್ಧಕ್ಕೆ ನಿಂತಿತು ಎಂಬುದು ನನ್ನ ಲೆಕ್ಕ.

ಟೋಕಿಯೊಗೆ ಹೊರಡುವ ಮುಂದಿನ ಸರ್ಕಾರಿ ನಿಯೋಗದಲ್ಲಿ ಉದ್ಯಮಿಗಳ ಜೊತೆಗೆ ಒಬ್ಬ ರೇಷ್ಮೆ ಬೆಳೆಗಾರನೂ ರಾಮನಗರದ ಒಬ್ಬ ನೂಲು ಬಿಚ್ಚುವವನೂ ಇರಲಿ. ಏನು ಕೇಳಬೇಕೆಂದು ಅವರಿಗೆ ಗೊತ್ತಿದೆ.